ಹನ್ನೊಂದನೆಯ ಸಾಲಿನ ಪತ್ರೊಡೆ

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮರು ಮೊಬೈಲಿನ ಶೀಟ್ ಕಂಡವರಲ್ಲ. ಕಂಡಿದ್ದರೆ, ಹಾವು ಸಾಯದೆ ಇರುವುದು ಹಾಗಿರಲಿ, ಹೊಡೆಯಲು ಬಂದ ಹತ್ತು ಜನರೂ ಒಬ್ಬರ ಕೋಲನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಾರೆ ಎಂದು ಸೇರಿಸುತ್ತಿದ್ದರು.

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನೆಲೆಸಿದ ಕರಾವಳಿಯ ಕಡಲೂರ ಬಳಗದವರು ಪ್ರತಿ ವರ್ಷ ಆಟಿ ತಿಂಗಳ, ಅಂದರೆ ಆಷಾಢದ, ಒಂದು ಭಾನುವಾರ ಸಭಾಗೃಹ ಹಿಡಿದು ಊರಿನ ಮಳೆಗಾಲದ ಊಟ ಮಾಡುತ್ತಾರೆ. ಡೊಂಬಿವಲಿ, ಕಲ್ಯಾಣ, ಠಾಣೆ, ಘಣಸೋಲಿ ಎಲ್ಲ ಕಡೆಯಿಂದ ನೂರೈವತ್ತು ಮಂದಿ ಸೇರುತ್ತಾರೆ. ಅಡುಗೆಯವರನ್ನು ಕರೆಸುವ ಪದ್ಧತಿ ಇಲ್ಲ. ಒಂದೊಂದು ಮನೆಯಿಂದ ಒಂದೊಂದು ಪದಾರ್ಥ ಬರಬೇಕು. ಯಾರು ಏನು ತರಬೇಕೆಂದು ಇಪ್ಪತ್ತೆರಡು ವರ್ಷ ಹಂಚಿಕೊಟ್ಟವರು ಯಜ್ಞೇಶ್ವರ. ಅವರ ಬಳಿ ಒಂದು ನೀಲಿ ನೋಟ್‌ಬುಕ್ ಇತ್ತು, ಒಂದು ಪೆನ್ನಿತ್ತು, ಮನೆಯಲ್ಲಿ ಒಂದು ಫೋನಿತ್ತು. “ಅದು ಆಗ್ಲೇ ಕೊಟ್ಟಾಯ್ತು, ನೀವು ಹುರುಳಿ ಚಟ್ನಿ ತನ್ನಿ” ಎಂದರೆ ಮುಗಿಯಿತು, ಮೇಲ್ಮನವಿ ಇಲ್ಲ. ಅವರ ಮೇಲೆ ಎಲ್ಲರಿಗೂ ಒಳಗೊಳಗೇ ಸಿಟ್ಟಿತ್ತು, ಆದರೆ ಊಟ ಮಾತ್ರ ಒಂದು ವರ್ಷವೂ ಕೆಟ್ಟಿರಲಿಲ್ಲ.

ಈ ವರ್ಷ ಮೊಣಕಾಲು ನೋವೆಂದು ಯಜ್ಞೇಶ್ವರ ನೋಟ್‌ಬುಕ್ ಕೆಳಗಿಟ್ಟರು. ಹೊಸ ಕಾರ್ಯದರ್ಶಿಯಾಗಿ ಬಂದವಳು ಬಳಗದ ಹಳಬಳಾದ ಉಮಾವತಿಯ ಮಗಳು ದಿಶಾ. ಇಪ್ಪತ್ತೈದು ವರ್ಷ, ಘಣಸೋಲಿಯ ಕಂಪನಿಯಲ್ಲಿ ಕೆಲಸ. ಕನ್ನಡ, ತುಳು ಎರಡೂ ಅರ್ಥವಾಗುತ್ತವೆ, ಬಾಯಿ ತೆರೆದರೆ ಹಿಂದಿ ಬರುತ್ತದೆ. ಅವಳು ಎಲ್ಲರೂ ತಮ್ಮ ತಮ್ಮ ಮೊಬೈಲಿನಲ್ಲಿ ತೆರೆದು ಬರೆಯಬಹುದಾದ ಇಪ್ಪತ್ತು ಸಾಲುಗಳ ಒಂದು ಶೀಟ್ ಮಾಡಿದಳು. ಎಡಕ್ಕೆ ಪದಾರ್ಥ, ಬಲಕ್ಕೆ ಖಾಲಿ ಚೌಕ. ಬೇಕಾದ ಪದಾರ್ಥದ ಮುಂದೆ ನಿಮ್ಮ ನಿಮ್ಮ ಹೆಸರು ನೀವೇ ಬರೆದುಕೊಳ್ಳಿ ಎಂದು ಅದನ್ನು ಬಳಗದ ಗುಂಪಿಗೆ ಬಿಟ್ಟಳು.

ಮೊದಲ ದಿನವೇ ಸಂಘದ ಹಿರಿಯ ಮುರಾರಿ ಎಲ್ಲ ಇಪ್ಪತ್ತು ಚೌಕಗಳಲ್ಲೂ ‘ಶುಭವಾಗಲಿ’ ಎಂದು ಬರೆದು ಕೈಮುಗಿದ ಚಿತ್ರ ಹಾಕಿದರು. ಅಧ್ಯಕ್ಷ ಮುಂಡಪ್ಪ ಶೀಟನ್ನು ಮೇಲಕ್ಕೆ ಸರಿಸಲು ಹೋಗಿ ಹೆಬ್ಬೆರಳಿನಲ್ಲಿ ಮೂರು ಚಟ್ನಿ ಮತ್ತು ಒಂದು ಪಲ್ಯವನ್ನು ಒರೆಸಿಹಾಕಿದರು. ದಿಶಾ ಹಲ್ಲು ಕಚ್ಚಿ ಎಲ್ಲವನ್ನೂ ಮತ್ತೆ ಸರಿಮಾಡಿದಳು. ಪಾಪ, ಇದು ಅವಳ ಮೊದಲ ಜವಾಬ್ದಾರಿ.

ಉಮಾವತಿ ಮೂರನೆಯ ದಿನ ಶೀಟ್ ತೆರೆದಳು. ಅವಳಿಗೆ ಅವಸರವೇನೂ ಇರಲಿಲ್ಲ. ಹನ್ನೊಂದನೆಯ ಸಾಲಿನಲ್ಲಿ ಪತ್ರೊಡೆ, ಪತ್ರೊಡೆಯೆಂದರೆ ಉಮಾವತಿ, ಇದಕ್ಕೆ ಬರೆಯುವುದೇನಿದೆ? ಕೆಸುವಿನ ಎಲೆಗೆ ಅರೆದ ಅಕ್ಕಿ ಮಸಾಲೆ ಬಳಿದು, ಸುತ್ತಿ, ಹಬೆಯಲ್ಲಿ ಬೇಯಿಸಿದ ಅವಳ ಪತ್ರೊಡೆಯನ್ನು ಇಪ್ಪತ್ತೆರಡು ವರ್ಷ ಮುಂಡಪ್ಪ ಮೈಕ್‌ನಲ್ಲಿ ಹೊಗಳಿದ್ದಾರೆ. ಸ್ಟೇಷನ್ನಿನಲ್ಲಿ ಸಿಕ್ಕವರು “ಪತ್ರೊಡೆ ಉಮಕ್ಕ” ಎಂದೇ ಕರೆಯುತ್ತಾರೆ. ಅರುವತ್ತೊಂದು ವರ್ಷ ಬದುಕಿ ಹೆಸರಿಗೆ ಅಂಟಿದ್ದು ಅದೊಂದೇ ಬಿರುದು, ಅದನ್ನವಳು ಸಣ್ಣದೆಂದು ತಿಳಿದಿರಲಿಲ್ಲ.

ಹನ್ನೊಂದನೆಯ ಸಾಲಿನಲ್ಲಿ ‘ಬಾಗಿ’ ಎಂದಿತ್ತು.

ಬೇರೆ ಯಾರದೇ ಹೆಸರಾಗಿದ್ದರೂ ಉಮಾವತಿ ನಕ್ಕುಬಿಡುತ್ತಿದ್ದಳು. ಬಾಗಿ ಅವಳ ಜೀವದ ಗೆಳತಿ. ಮೂವತ್ತನಾಲ್ಕು ವರ್ಷಗಳ ಹಿಂದೆ ಇಬ್ಬರೂ ಹೊಸ ಮದುವಣಗಿತ್ತಿಯರಾಗಿ ಡೊಂಬಿವಲಿ ಪೂರ್ವದ ಒಂದೇ ಚಾಳಿಗೆ, ಒಂದೇ ಗೋಡೆಯ ಆಚೀಚೆ ಬಂದವರು. ಉಮಾವತಿಯ ಗಂಡ ವಸಂತಕುಮಾರ ತುರ್ಭೆಯ ಹೋಟೆಲಿನಲ್ಲಿ ಕ್ಯಾಷಿಯರ್, ಬಾಗಿಯ ಗಂಡ ಚೆನ್ನಯ ಕೆಮಿಕಲ್ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ. ಗಂಡಂದಿರು ಬೆಳಗ್ಗೆ ಹೋದರೆ ಇವರಿಬ್ಬರಿಗೆ ಒಂದೇ ಸೀಮೆಎಣ್ಣೆ ಸ್ಟವ್, ಒಂದೇ ಮಾತು. ಬಾಗಿ ಕಲ್ಯಾಣಕ್ಕೆ ಮನೆ ಬದಲಾಯಿಸಿದ ಮೇಲೆ ಸಂಜೆ ನಾಲ್ಕು ಗಂಟೆಗೆ ಫೋನ್. ಮಳೆ ಇರಲಿ, ಸಾವು ಇರಲಿ, ಮದುವೆ ಇರಲಿ, ನಾಲ್ಕಕ್ಕೆ ಒಬ್ಬಳು ಇನ್ನೊಬ್ಬಳಿಗೆ ಮಾಡಲೇಬೇಕು.

ಉಮಾವತಿ ಫೋನ್ ಮಾಡಿ “ಏನೇ ಇದು?” ಎಂದು ಕೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬೆರಳು ಹತ್ತಿರವಿದ್ದಾಗ ಬಾಯಿ ಯಾರಿಗೆ ಬೇಕು? ಅವಳು ‘ಬಾಗಿ’ ಅಳಿಸಿ ‘ಉಮಾವತಿ’ ಎಂದು ಬರೆದಳು. ಊಟ ಮುಗಿಸಿ ನೋಡಿದರೆ ‘ಬಾಗಿ’. ಮತ್ತೆ ಅಳಿಸಿದಳು. ಧಾರಾವಾಹಿಯ ಜಾಹೀರಾತಿನ ನಡುವೆ ನೋಡಿದರೆ ಮತ್ತೆ ‘ಬಾಗಿ’. ಆ ದಿನ ನಾಲ್ಕು ಗಂಟೆಗೆ ಯಾರೂ ಯಾರಿಗೂ ಫೋನ್ ಮಾಡಲಿಲ್ಲ.

ಮರುದಿನ ಉಮಾವತಿ ಇನ್ನೊಂದು ಸಂಗತಿ ಗಮನಿಸಿದಳು. ಶೀಟಿನಲ್ಲಿ ಬೇರೆ ಯಾರಾದರೂ ಒಂದು ಚೌಕದಲ್ಲಿದ್ದರೆ ಅದರ ಸುತ್ತ ಬಣ್ಣದ ಗೆರೆ ಕಾಣುತ್ತದೆ, ಮೇಲೆ ಹೆಸರೂ ಮೂಡುತ್ತದೆ. ನಾಲ್ಕು ಗಂಟೆಗೆ ಸರಿಯಾಗಿ ಹನ್ನೊಂದನೆಯ ಸಾಲಿನ ಸುತ್ತ ಹಸಿರು ಗೆರೆ ಬಂತು. ಬಾಗಿ ಬಂದಿದ್ದಳು. ಉಮಾವತಿಯೂ ಅಲ್ಲೇ ಇದ್ದಳು. ಇಬ್ಬರೂ ಏನೂ ಬರೆಯಲಿಲ್ಲ. ಆ ಪುಟ್ಟ ಚೌಕದಲ್ಲಿ, ಹಿಂದೆ ಚಾಳಿನ ಮೆಟ್ಟಿಲ ಮೇಲೆ ಜಗಳವಾಡಿ ಬೆನ್ನು ತಿರುಗಿಸಿ ಕೂರುತ್ತಿದ್ದ ಹಾಗೆ, ಕಾಲು ಗಂಟೆ ಸುಮ್ಮನೆ ಕೂತಿದ್ದರು. “ಪತ್ರೊಡೆ ಉಳಿದು ಇವಳು ಹೋದರೆ?” ಎಂದು ಉಮಾವತಿ ಮೊದಲ ಸಲ ಹೆದರಿದಳು. ಹೆದರಿಯೂ, ಹಸಿರು ಗೆರೆ ಎದ್ದುಹೋದ ಕೂಡಲೇ ‘ಬಾಗಿ’ ಅಳಿಸಿ ‘ಉಮಾವತಿ’ ಬರೆದಳು. ಹಟ ಅಂದರೆ ಹಾಗೆಯೇ.

ಗುರುವಾರ ದಿಶಾ ಆಫೀಸಿನಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಕೇಳಿದಳು, “ಅಮ್ಮಾ, ಏ ಕ್ಯಾ ಚಲ್ ರಹಾ ಹೈ? ಏಕ್ ಖಾನೇ ಮೇ ಚಾಲೀಸ್ ಬಾರ್ ಎಡಿಟ್?”

“ಒಂದೇ ಚೌಕಕ್ಕೆ ನಲವತ್ತು ಸಲ ಯಾಕೆ ಅಂತ ನನಗೆಂತ ಗೊತ್ತು? ಅವಳನ್ನು ಕೇಳು.”

“ಹಿಸ್ಟರಿಯಲ್ಲಿ ಸಬ್ ದಿಖ್‌ತಾ ಹೈ, ಯಾರು ಯಾವಾಗ ಏನು ಬರೆದ್ರು ಅಂತ. ಬಾಗಿ ಆಂಟಿ, ಉಮಾವತಿ, ಬಾಗಿ ಆಂಟಿ, ಉಮಾವತಿ. ಟೇಬಲ್ ಟೆನಿಸ್ ಹೈ ಕ್ಯಾ?”

“ಹಾಗಾದ್ರೆ ನಿನ್ನ ಶೀಟ್ ಯಾಕೆ ತಡೀಲಿಲ್ಲ? ಯಜ್ಞೇಶ್ವರಣ್ಣ ಇದ್ದಿದ್ರೆ ತಡೀತಿದ್ರು.”

ದಿಶಾ ತಾಯಿಯ ಪಕ್ಕದಲ್ಲಿ ಕೂತಳು. ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು. “ಅಮ್ಮ, ಶೀಟ್ ಜಗಳ ಬಿಡಿಸುದಿಲ್ಲ. ಕೊನೆಗೆ ಯಾರು ಬರೀತಾರೋ ಅವರದ್ದು ಇಟ್ಕೊಳ್ತದೆ, ಅಷ್ಟೇ. ನಮ್ಮ ಆಫೀಸಲ್ಲಿ ಕೂಡ ಹೀಗೇ ಆಗ್ತದೆ. ಆಗ ಒಬ್ಬರು ಎದ್ದು ಹೋಗಿ ಇನ್ನೊಬ್ಬರ ಹತ್ರ ಮಾತಾಡ್ಬೇಕು. ಫೋನ್ ಕರ್ ಲೋ ನಾ.”

“ನಾನೇ ಯಾಕೆ ಮಾಡ್ಬೇಕು?”

ದಿಶಾ ಕೈ ಚೆಲ್ಲಿದಳು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಶೀಟಿಗೆ ಬೀಗ, ಆಮೇಲೆ ಯಾರೂ ಏನೂ ಬದಲಿಸುವ ಹಾಗಿಲ್ಲ ಎಂದು ಗುಂಪಿಗೆ ಸಂದೇಶ ಹಾಕಿದಳು.

ಶುಕ್ರವಾರ ಬೆಳಗ್ಗೆ ಎದ್ದು ನೋಡಿದಾಗ ಚೌಕದಲ್ಲಿ ‘ಉಮಾವತಿ’ ಎಂದೇ ಇತ್ತು. ಒಂಬತ್ತಕ್ಕೂ ಅದೇ. ಹತ್ತಕ್ಕೂ ಅದೇ. ಗೆದ್ದೆ ಎಂದುಕೊಂಡು ಚೀಲ ಹಿಡಿದು ಸ್ಟೇಷನ್ ಬಳಿಯ ಮಾರುಕಟ್ಟೆಗೆ ಹೋದಳು. ಗೆದ್ದ ಖುಷಿ ಎಲ್ಲಿದೆ ಎಂದು ದಾರಿಯುದ್ದಕ್ಕೂ ಹುಡುಕಿದಳು, ಸಿಗಲಿಲ್ಲ.

ಸೊಪ್ಪಿನವಳು ಕೆಸುವಿನ ಎಲೆಗಳ ರಾಶಿಯ ಹಿಂದಿನಿಂದ ಕೇಳಿದಳು, “ವಡೀಚಿ ಪಾನ ಪಾಹಿಜೆತ ಕೀ ಭಾಜೀಚಿ?”

ಪತ್ರೊಡೆಯ ಎಲೆಯೋ ಪಲ್ಯದ್ದೋ ಎನ್ನುವ ಆ ಮರಾಠಿ ಪ್ರಶ್ನೆಗೆ ಉಮಾವತಿ ಎಲೆಯನ್ನು ತಿರುಗಿಸಿ ದಂಟು ನೋಡಿದಳು. ದಂಟು ಕಪ್ಪಗಿದ್ದರೆ ಪತ್ರೊಡೆಗೆ ಆಗುತ್ತದೆ, ಬಿಳಿಚಿದ್ದರೆ ಪಲ್ಯಕ್ಕೆ. ಎಷ್ಟೋ ವರ್ಷಗಳಿಂದ ಅವಳ ಕೈ ತಾನಾಗಿಯೇ ಮಾಡುವ ಕೆಲಸ ಇದು. ಇವತ್ತು ಮಾತ್ರ ಆ ಕೈಯ ಮೇಲೆ ಇನ್ನೊಂದು ಕೈ ಇದ್ದಂತೆ ಅನ್ನಿಸಿತು. ಇದೇ ಮಾರುಕಟ್ಟೆ. ಆಗ ಉಮಾವತಿ ಮುಂಬೈಗೆ ಬಂದು ಎರಡು ತಿಂಗಳಾಗಿತ್ತು. “ದಂಟು ನೋಡು ಮಾರಾಯ್ತಿ, ಎಲೆ ಅಲ್ಲ” ಎಂದು ಬಾಗಿ ಅವಳ ಮಣಿಕಟ್ಟು ಹಿಡಿದು ತಿರುಗಿಸಿದ್ದಳು. ಊರಲ್ಲಿದ್ದಾಗ ಉಮಾವತಿಗೆ ಗಂಜಿ ಬಸಿಯುವುದರ ಆಚೆ ಏನೂ ಬರುತ್ತಿರಲಿಲ್ಲ. ಎಲೆ ಆರಿಸುವುದು, ನರ ತೆಗೆಯುವುದು, ಮಸಾಲೆಗೆ ಹುಣಸೆಹುಳಿ ಎಷ್ಟು, ಸುತ್ತುವುದು ಹೇಗೆ, ಎಲ್ಲ ಬಾಗಿಯೇ ಕಲಿಸಿದ್ದು.

ಬಳಗದ ಮೊದಲ ಆಟಿ ಊಟದ ವರ್ಷ ಬಾಗಿ ತಂಗಿಯ ಬಾಣಂತನಕ್ಕೆ ಊರಿಗೆ ಹೋಗಿದ್ದಳು. ಪತ್ರೊಡೆಯನ್ನು ಉಮಾವತಿ ಮಾಡಿದಳು. ಮುಂಡಪ್ಪ ಹೊಗಳಿದರು, ಯಜ್ಞೇಶ್ವರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಬರೆದದ್ದು ಶಾಸನವಾಯಿತು. ತಿರುಗಿ ಬಂದ ಬಾಗಿ ಏನೂ ಅನ್ನದೆ ಪ್ರತಿ ವರ್ಷ ಒಂದು ಬೋಗುಣಿ ಚಟ್ನಿ ಹೊತ್ತು ತಂದಳು. ಇದನ್ನು ಯಾರೂ ಉಮಾವತಿಯಲ್ಲಿ ಕೇಳಲಿಲ್ಲ, ಅವಳಾಗಿಯೇ ಯಾರಿಗೂ ಹೇಳಲಿಲ್ಲ. ಈಗ ನೆನೆದು ಅವಳಿಗೆ ನಾಚಿಕೆಯಾಯಿತು, ಸಂತೆಯ ನಡುವೆ ಕಿವಿ ಬಿಸಿಯಾಗುವಷ್ಟು ನಾಚಿಕೆ.

ಎಲೆ ಕೆಳಗಿಟ್ಟು ಮೊಬೈಲ್ ತೆಗೆದಳು. ಹನ್ನೊಂದೂ ನಲವತ್ತು. ಹನ್ನೊಂದನೆಯ ಸಾಲಿನಲ್ಲಿ ತನ್ನ ಹೆಸರು ಅಳಿಸಿ ‘ಬಾಗಿ’ ಎಂದು ತಾನೇ ಬರೆದಳು. ಆಮೇಲೆ ತನಗೇನು ಉಳಿದಿದೆ ಎಂದು ಹುಡುಕಿದರೆ ಹದಿನಾಲ್ಕನೆಯ ಸಾಲು ಒಂದೇ ಖಾಲಿ. ಗಂಜಿ. ಯಾರೂ ಹೊಗಳದ, ಯಾರೂ ಮುಟ್ಟದ ಗಂಜಿ. ಅಲ್ಲಿ ‘ಉಮಾವತಿ’ ಎಂದು ಬರೆದಳು. ಮತ್ತೆ ನೋಡಿದರೆ ಮನಸ್ಸು ಬದಲಾದೀತೆಂದು ಮೊಬೈಲನ್ನು ಆರಿಸಿ ಚೀಲದ ತಳಕ್ಕೆ ಹಾಕಿ, ಐದು ಕಿಲೋ ಕುಚ್ಚಲಕ್ಕಿ ಕೊಳ್ಳಲೆಂದು ಅಂಗಡಿಗೆ ನಡೆದಳು. ಐದು ಸಾಲದು ಎನಿಸಿತು. ಹತ್ತು ಜನ ಹೆಚ್ಚೇ ಬಂದರೆ? ಹನ್ನೆರಡು ಕಿಲೋ ಕೊಂಡಳು.

ಸಂಜೆ ದಿಶಾ ತುಂಬಾ ಎಚ್ಚರಿಕೆಯಿಂದ ಮಾತು ತೆಗೆದಳು. “ಪತ್ರೊಡೆ ಬಾಗಿ ಆಂಟಿಗೆ. ಓಕೆ ಹೈ ನಾ, ಅಮ್ಮ?”

“ಹೂಂ.”

“ತೋ... ನೀನು?”

“ನಾನು ಕೈಲಾದ್ದು ತರ್ತೇನೆ. ನೀನು ನಿನ್ನ ಕೆಲಸ ನೋಡ್ಕೋ.”

ಹುಲಿಯ ಬಾಯಲ್ಲಿ ತಲೆಯಿಡಲು ದಿಶಾಗೆ ಇಷ್ಟವಿರಲಿಲ್ಲ. ಶೀಟಿನಲ್ಲಿ ಇಪ್ಪತ್ತು ಸಾಲು, ಇಪ್ಪತ್ತರ ಮುಂದೂ ಹೆಸರು. ಅವಳು ಸಮಾಧಾನದಿಂದ ನಿದ್ದೆ ಮಾಡಿದಳು.

ಭಾನುವಾರ ದಿಶಾ ತೋರಣ ಕಟ್ಟಲೆಂದು ಬೆಳಗ್ಗೆಯೇ ಸಭಾಗೃಹಕ್ಕೆ ಹೋಗಿದ್ದಳು. ಹನ್ನೊಂದು ಗಂಟೆಗೆ ಉಮಾವತಿ ಮತ್ತು ವಸಂತಕುಮಾರ ಟೆಂಪೋದಲ್ಲಿ ದೊಡ್ಡ ಪಾತ್ರೆ ಇಟ್ಟುಕೊಂಡು ಅಲ್ಲಿಗೆ ಬಂದಿಳಿದರು. ಗೇಟಿನಲ್ಲಿ ಇನ್ನೊಂದು ಟೆಂಪೋ ನಿಂತಿತ್ತು. ಕಲ್ಯಾಣದಿಂದ ಬಂದದ್ದು. ಅದರಿಂದ ಚೆನ್ನಯ ಮತ್ತು ಬಾಗಿ ಇಳಿದರು, ಅವರ ಹಿಂದೆ ಅಷ್ಟೇ ದೊಡ್ಡ ಪಾತ್ರೆ.

“ಬಂದ್ಯಾ?” ಎಂದಳು ಬಾಗಿ.

“ಬಂದೆ” ಎಂದಳು ಉಮಾವತಿ.

ಬಾಗಿಯ ಪಾತ್ರೆಯನ್ನು ಉಮಾವತಿ ನೋಡಿದಳು. ಅಷ್ಟೊಂದು ಪತ್ರೊಡೆ! ಇರಲಿ, ಚೆನ್ನಾಗಿ ಆಗಿರಲಿ ಎಂದು ಮನಸಾರೆ ಹಾರೈಸಿದಳು. ಬಾಗಿಯೂ ಇವಳ ಪಾತ್ರೆಯನ್ನೇ ನೋಡುತ್ತಿದ್ದಳು. ಗಂಡಂದಿರಿಬ್ಬರು ಮಾತ್ರ ಏನೂ ಆಗದವರಂತೆ ಒಂದೇ ಬೀಡಾ ಹಂಚಿಕೊಂಡರು.

ಊಟದ ಹೊತ್ತಾಯಿತು. ಚಟ್ನಿಗಳೆಲ್ಲ ಬಡಿಸಿದ್ದಾಯಿತು, ಹಲಸಿನ ಬೀಜದ ಪಲ್ಯ ಬಂತು, ಎಳೆ ಬಿದಿರಿನ ಕಣಿಲೆ ಬಂತು. ಮುಂಡಪ್ಪ ಮೈಕ್ ಹಿಡಿದು ಗಂಟಲು ಸರಿಮಾಡಿಕೊಂಡರು. “ಬಂಧುಗಳೇ, ಈಗ ನಾವೆಲ್ಲ ವರ್ಷವಿಡೀ ಕಾಯುವ ಪತ್ರೊಡೆ!” ನೂರೈವತ್ತು ಜನ ಎಲೆಯ ಮೇಲೆ ಜಾಗ ಮಾಡಿಕೊಂಡರು. ಬಾಗಿಯ ಮಗ ಸಮಿತ್ ಪಾತ್ರೆಯ ಮುಚ್ಚಳ ತೆಗೆದ.

ಗಂಜಿ.

“ಇದಲ್ಲ ಮಾರಾಯಾ, ಇನ್ನೊಂದು” ಎಂದರು ಮುಂಡಪ್ಪ. ಮೈಕ್ ಆರಿಸಲು ಮರೆತಿದ್ದರು. ಸಮಿತ್ ಎರಡನೆಯ ಮುಚ್ಚಳ ತೆಗೆದ.

ಅದೂ ಗಂಜಿ.

ಎಲ್ಲರೂ ಒಟ್ಟಿಗೆ ಮಾತಾಡಿದರು. “ಫೋನಲ್ಲಿ ಅಡುಗೆ ಮಾಡಿದ್ರೆ ಹೀಗೇ ಆಗುದು” ಎಂದು ಯಾರೋ ಹೇಳಿದರು. “ಯಜ್ಞೇಶ್ವರರ ನೋಟ್‌ಬುಕ್ಕೇ ಸರಿ ಇತ್ತು” ಎಂದು ಇನ್ನೊಬ್ಬರು. ಮೂಲೆಯಲ್ಲಿ ಕೂತಿದ್ದ ಯಜ್ಞೇಶ್ವರರ ಮುಖದಲ್ಲಿ ಮೊಣಕಾಲು ನೋವು ಪೂರ್ತಿ ವಾಸಿಯಾದವರ ಕಳೆ. ದಿಶಾಳ ಮುಖ ಸಣ್ಣದಾಯಿತು. ಅವಳು ಅಡುಗೆ ಕೋಣೆಗೆ ಓಡಿದಳು, ಹಿಂದೆಯೇ ಉಮಾವತಿ, ಅವಳ ಹಿಂದೆ ಬಾಗಿ.

“ದಾದ ಉಂದು?” ಎಂದು ಬಾಗಿ ತುಳುವಿನಲ್ಲೇ ಸಿಡಿದಳು. “ಇದೇನೇ ಇದು? ಪತ್ರೊಡೆ ಎಲ್ಲಿ?”

“ನನ್ನನ್ನು ಕೇಳ್ತಿಯಾ? ಪತ್ರೊಡೆ ನಿನ್ನದಲ್ವಾ?”

“ನನ್ನದಾ? ಶುಕ್ರವಾರ ಟ್ರೇನಲ್ಲಿ ನೋಡುವಾಗ ನಿನ್ನ ಹೆಸರಿತ್ತು! ಅದನ್ನು ನಾನು ಮುಟ್ಲೇ ಇಲ್ಲ. ಗಂಜಿ ಖಾಲಿ ಇತ್ತು, ಅಲ್ಲಿ ನನ್ನ ಹೆಸರು ಬರೆದೆ.”

ದಿಶಾ ಕಣ್ಣೊರೆಸಿಕೊಂಡು ಹಿಸ್ಟರಿ ತೆರೆದಳು. ಹನ್ನೊಂದೂ ನಲವತ್ತಕ್ಕೆ ಉಮಾವತಿ ಪತ್ರೊಡೆಗೆ ‘ಬಾಗಿ’ ಎಂದೂ ಗಂಜಿಗೆ ‘ಉಮಾವತಿ’ ಎಂದೂ ಬರೆದಿದ್ದಳು. ಹನ್ನೊಂದೂ ನಲವತ್ತಾರಕ್ಕೆ ಗಂಜಿಯ ಚೌಕದಲ್ಲಿ ‘ಉಮಾವತಿ’ ಹೋಗಿ ‘ಬಾಗಿ’ ಬಂದಿತ್ತು. “ಆಂಟಿ, ನೀವು ಬರೆಯುವಾಗ ಎಲ್ಲಿದ್ರಿ?”

“ಮಗಳ ಮನೆಗೆ ಠಾಣೆಗೆ ಹೋಗ್ತಿದ್ದೆ. ಪಾರಸಿಕ್ ಸುರಂಗ ಬಂತು. ಬರೆದು ಮೊಬೈಲ್ ಬ್ಯಾಗಿಗೆ ಹಾಕಿದೆ. ಯಾಕೆ?”

ದಿಶಾಗೆ ಈಗ ಎಲ್ಲ ಸ್ಪಷ್ಟವಾಯಿತು. ಸುರಂಗದಲ್ಲಿ ನೆಟ್‌ವರ್ಕ್ ಇರಲಿಲ್ಲ. ಬಾಗಿಯ ಮೊಬೈಲಿನಲ್ಲಿದ್ದದ್ದು ಹಳೆಯ ಶೀಟ್, ಉಮಾವತಿಯ ಬದಲಾವಣೆ ಅದಕ್ಕೆ ತಲುಪಿರಲಿಲ್ಲ. ಠಾಣೆಯಲ್ಲಿ ನೆಟ್‌ವರ್ಕ್ ಬಂದಾಗ ಬಾಗಿ ಬರೆದದ್ದು ಹೊರಟು ಬಂದು ಉಮಾವತಿಯ ಗಂಜಿಯ ಮೇಲೆ ಕೂತಿತು. ಕೊನೆಗೆ ಪತ್ರೊಡೆಯೂ ಬಾಗಿಯದು, ಗಂಜಿಯೂ ಬಾಗಿಯದು. ಇಬ್ಬರೂ ಬಿಟ್ಟುಕೊಟ್ಟಿದ್ದರು. ಶೀಟಿನಲ್ಲಿ ಒಂದು ತಪ್ಪೂ ಕಾಣುತ್ತಿರಲಿಲ್ಲ.

“ನೀನು ಯಾಕೆ ಬಿಟ್ಟದ್ದು?” ಎಂದು ಉಮಾವತಿ ಮೆಲ್ಲನೆ ಕೇಳಿದಳು.

ಬಾಗಿ ಸೌಟು ಹಿಡಿದುಕೊಂಡು ಗಂಜಿಯನ್ನೇ ನೋಡುತ್ತ ಹೇಳಿದಳು. “ಇಪ್ಪತ್ತೆರಡು ವರ್ಷ ಕಾದೆ ಮಾರಾಯ್ತಿ. ‘ಬಾಗೀ, ಈ ಸಲ ನೀನು ಮಾಡು’ ಅಂತ ಒಂದು ಮಾತು ಹೇಳ್ತಿಯಾ ಅಂತ. ನೀನು ಹೇಳ್ಲಿಲ್ಲ. ಶೀಟ್ ಬಂತು, ಯಾರನ್ನೂ ಕೇಳ್ಬೇಕಂತ ಇಲ್ಲ ಅಂದ್ರು, ಬರೆದೆ. ನೀನು ಅಳಿಸಿದಿ, ನಾನು ಬರೆದೆ. ಆಮೇಲೆ ಟ್ರೇನಲ್ಲಿ ಕೂತು ಯೋಚನೆ ಮಾಡಿದೆ. ಬಡಿದಾಡಿ ತೆಕ್ಕೊಂಡ ಪತ್ರೊಡೆಗೆ ಎಂತ ರುಚಿ ಉಂಟು? ಇರ್ಲಿ, ಅವಳೇ ಮಾಡ್ಲಿ ಅಂತ ಬಿಟ್ಟೆ.”

ಉಮಾವತಿಗೆ ಅಳು ತಡೆಯಲಿಲ್ಲ. “ತಪ್ಪಾಯ್ತು ಬಾಗಿ” ಎಂದಳು. ಇಷ್ಟು ಸಣ್ಣ ಮಾತಿಗೆ ಇಪ್ಪತ್ತೆರಡು ವರ್ಷ ಹಿಡಿದಿತ್ತು. ಹೇಳಿದ ಮೇಲೂ ಸಾಲದೆನಿಸಿತು. ಸೆರಗಿನಿಂದ ಮುಖ ಒರೆಸಿಕೊಂಡು ನೇರ ಹೊರಗೆ ನಡೆದು, ಜೀವಮಾನದಲ್ಲಿ ಒಮ್ಮೆಯೂ ಮುಟ್ಟದ ಮೈಕನ್ನು ಮುಂಡಪ್ಪನವರ ಕೈಯಿಂದ ಕಿತ್ತುಕೊಂಡಳು.

“ಎಲ್ಲರಿಗೂ ನಮಸ್ಕಾರ. ಇವತ್ತು ಪತ್ರೊಡೆ ಇಲ್ಲ. ತಪ್ಪು ನನ್ನ ಮಗಳದ್ದಲ್ಲ, ಶೀಟಿನದ್ದೂ ಅಲ್ಲ, ನನ್ನದು.” ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು. “ಇಷ್ಟು ವರ್ಷ ನೀವು ಪತ್ರೊಡೆ ಉಮಕ್ಕ ಅಂತ ಕರೆದ್ರಿ. ನಾನು ಓ ಅಂದೆ. ಅದು ನನ್ನದಲ್ಲ. ನನಗೆ ಕೆಸುವಿನ ಎಲೆ ಯಾವುದು ಅಂತಲೂ ಗೊತ್ತಿರ್ಲಿಲ್ಲ. ಅಷ್ಟನ್ನೂ ಕೈ ಹಿಡಿದು ಕಲಿಸಿದವಳು ಬಾಗಿ. ಅವಳು ಊರಿಗೆ ಹೋದಾಗ ಅವಳ ಜಾಗದಲ್ಲಿ ಕೂತವಳು ನಾನು, ಏಳ್ಲೇ ಇಲ್ಲ. ಬರುವ ವರ್ಷದಿಂದ ಪತ್ರೊಡೆ ಅವಳದ್ದು.”

ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಅಷ್ಟರಲ್ಲಿ ಸೌಟು ಹಿಡಿದುಕೊಂಡೇ ಬಾಗಿ ಮುಂದೆ ಬಂದು ಮೈಕಿಗೆ ಬಾಯಿಟ್ಟಳು. “ಸುಳ್ಳು ಹೇಳ್ತಾಳೆ. ಎಲೆ, ಹುಳಿ, ಸುತ್ತುವುದು ನಾನು ಕಲಿಸಿದ್ದು, ಸರಿ. ಆದ್ರೆ ಬೆಲ್ಲ ಹಾಕುದು ನಾನು ಕಲಿಸ್ಲಿಲ್ಲ. ಆ ಪಾಪ ಇವಳದ್ದೇ.”

“ಬೆಲ್ಲ ಇಲ್ಲದ ಪತ್ರೊಡೆ ಮನುಷ್ಯರು ತಿಂತಾರಾ?” ಎಂದಳು ಉಮಾವತಿ.

“ಬೆಲ್ಲ ಹಾಕಿದ್ರೆ ಅದು ಪಾಯಸ!”

ಮೊದಲು ನಕ್ಕವರು ಯಜ್ಞೇಶ್ವರ. ಆಮೇಲೆ ಇಡೀ ಸಭಾಗೃಹ ನಕ್ಕಿತು. ನಗು ನಿಲ್ಲುವ ಮೊದಲೇ ಬೆಲ್ಲ ಬೇಕೆನ್ನುವವರು ಬೇಡವೆನ್ನುವವರು ಎಂದು ಪಂಕ್ತಿಯಲ್ಲಿ ಎರಡು ಪಕ್ಷಗಳಾದವು. ಮುರಾರಿ ಎರಡೂ ಪಕ್ಷದವರಿಗೆ “ಶುಭವಾಗಲಿ” ಎಂದರು. ಮುಂಡಪ್ಪ ಹರಸಾಹಸ ಮಾಡಿ ಮೈಕ್ ಬಿಡಿಸಿಕೊಂಡು, ಗಂಜಿ ತಣ್ಣಗಾಗುತ್ತಿದೆ, ದಯವಿಟ್ಟು ಎಲ್ಲರೂ ಉಣ್ಣಬೇಕು ಎಂದು ಬೇಡಿಕೊಂಡರು.

ನಾನೂರು ಜನರಿಗಾಗುವಷ್ಟು ಗಂಜಿ ಇತ್ತು. ಚಟ್ನಿಗಳು ಚೆನ್ನಾಗಿದ್ದವು, ಹೊರಗೆ ಮಳೆ ಹಿಡಿದಿತ್ತು, ಜನ ನಿಜವಾಗಿಯೂ ಹೊಟ್ಟೆ ತುಂಬ ಉಂಡರು. ದಿಶಾ ಎಲೆಯಿಂದ ಎಲೆಗೆ ಓಡಾಡಿ ಬಡಿಸುತ್ತ ಬೈಗುಳದ ಜೊತೆಗೆ ಆಶೀರ್ವಾದವನ್ನೂ ಪಡೆದಳು. ಕೊನೆಯ ಪಂಕ್ತಿಯಲ್ಲಿ ಗೆಳತಿಯರಿಬ್ಬರೂ ಅಕ್ಕಪಕ್ಕ ಕೂತರು. ಬಡಿಸಲು ಬಂದ ಸಮಿತ್ ಯಾವ ಪಾತ್ರೆಯದು ಬೇಕು ಎಂದು ಕೇಳಿದ. ಉಮಾವತಿ ಆ ದಿನ ಮೂರು ಸಲ ಗಂಜಿ ಹಾಕಿಸಿಕೊಂಡಳು, ಮೂರು ಸಲವೂ ಬಾಗಿಯ ಪಾತ್ರೆಯಿಂದಲೇ.